ದೋಣಿಗೆ ಬ್ರೇಕ್ ಇಲ್ಲ ಮಾರಾಯ!

ಬಿ.ಕಾಂ. ಮುಗಿದಿತ್ತು. ಒಂದು ಬ್ಯಾಂಕ್ ಪರೀಕ್ಷೆ ಬರೆದು, ಇನ್ನೊಂದಕ್ಕೆ ಅರ್ಜಿ ಹಾಕಿ, ಮೂರನೆಯದರ ಫಲಿತಾಂಶಕ್ಕೆ ಕಾಯುತ್ತಾ ಮನೆಯಲ್ಲಿ ಕೂತಿದ್ದೆ. ‘ಈಗ ಎಂತ ಮಾಡ್ತಾ ಇದ್ದೀಯೋ?’ ಎಂದು ಕೇಳುವವರು ಎದುರಿಗೆ ಬಂದರೆ ಬೇರೆ ದಾರಿ ಹಿಡಿಯುತ್ತಿದ್ದ ಕಾಲ ಅದು. ಆಗ ಮಾವ, ಅಂದರೆ ಅಮ್ಮನ ತಮ್ಮ, ಫೋನ್ ಮಾಡಿದರು. ‘ಭುಜ ಎತ್ತಲಿಕ್ಕೇ ಆಗ್ತಿಲ್ಲ. ಶನಿವಾರ, ಭಾನುವಾರ ದೋಣಿಗೆ ಬಾ. ದಿನಕ್ಕೆ ಐನೂರು ಕೊಡ್ತೇನೆ. ಊಟ ಹೇಗೂ ನಿನ್ನ ಅತ್ತೆ ಹಾಕ್ತಾಳೆ.’

ಮಾವನದು ಹೊನ್ನಾವರದಲ್ಲಿ ಪ್ರವಾಸಿಗರನ್ನು ಸುತ್ತಾಡಿಸುವ ದೋಣಿ. ಶರಾವತಿ ಕಡಲು ಸೇರುವ ಮುಂಚೆ ಇಲ್ಲಿ ಸಿಕ್ಕಾಪಟ್ಟೆ ಅಗಲವಾಗುತ್ತದೆ. ಕೊಂಕಣ ರೈಲ್ವೆಯ ಅತಿ ಉದ್ದದ ಸೇತುವೆ ಇರುವುದೂ ಇಲ್ಲೇ, ಎರಡು ಕಿಲೋಮೀಟರಿಗೂ ಹೆಚ್ಚು. ನಡುವೆ ಸಣ್ಣ ನಡುಗಡ್ಡೆಗಳು, ದಂಡೆಯಲ್ಲಿ ಕಾಂಡ್ಲಾ ಕಾಡು. ಇಪ್ಪತ್ತೆರಡು ಅಡಿಯ ಫೈಬರ್ ದೋಣಿ, ಹಿಂಬದಿಗೆ ಕಚ್ಚಿಸಿದ 9.9 ಅಶ್ವಶಕ್ತಿಯ ಔಟ್‌ಬೋರ್ಡ್ ಎಂಜಿನ್. ಸ್ಟಿಯರಿಂಗ್ ಚಕ್ರ ಇಲ್ಲ. ಎಂಜಿನ್ನಿಂದ ಮುಂದಕ್ಕೆ ಚಾಚಿಕೊಂಡ ಒಂದು ಹಿಡಿಕೆ ಇದೆ. ಅದನ್ನು ಅತ್ತಿತ್ತ ಆಡಿಸಿದರೆ ದಿಕ್ಕು, ತುದಿಯನ್ನು ತಿರುಚಿದರೆ ವೇಗ. ಪಕ್ಕದಲ್ಲಿ ಗೇರಿನ ಸಣ್ಣ ಲಿವರ್: ಮುಂದೆ, ನ್ಯೂಟ್ರಲ್, ಹಿಂದೆ. ಇಷ್ಟೇ. ಹದಿನೆಂಟು ತುಂಬುವ ಮೊದಲೇ ಕದ್ದು ಸ್ಕೂಟರ್ ಓಡಿಸಿದ್ದ ನನಗೆ ಇದೇನು ಮಹಾ ಅನ್ನಿಸಿತ್ತು.

‘ಸ್ಕೂಟರ್ ಬಿಟ್ಟವರಿಗೆ ಕಲಿಸೋದೇ ಕಷ್ಟ’ ಅಂದರು ಮಾವ. ‘ಕೈ ಸುಮ್ಮನೆ ಬ್ರೇಕ್ ಹುಡುಕ್ತದೆ. ದೋಣಿಗೆ ಬ್ರೇಕ್ ಇಲ್ಲ ಮಾರಾಯ.’

ಹೇಳಿದ ಹತ್ತೇ ನಿಮಿಷಕ್ಕೆ ಅದು ಅರ್ಥವಾಯಿತು. ದಕ್ಕೆಯ ಹತ್ತಿರ ಬಂದಾಗ ವೇಗ ಇಳಿಸಿದೆ, ದೋಣಿ ನಿಲ್ಲಲಿಲ್ಲ. ನ್ಯೂಟ್ರಲ್‌ಗೆ ತಂದೆ, ಆಗಲೂ ನಿಲ್ಲಲಿಲ್ಲ. ಹಿಂದೆ ಬಂದ ಇಳಿತದ ನೀರು ಬೇರೆ ತಳ್ಳುತ್ತಿತ್ತು. ಗಾಬರಿಯಿಂದ ಹಿಡಿಕೆಯನ್ನು ಬಲಕ್ಕೆ ನೂಕಿದರೆ ದೋಣಿ ಎಡಕ್ಕೆ ತಿರುಗಿತು. ಹಿಡಿಕೆ ನೂಕಿದ ದಿಕ್ಕಿಗೆ ವಿರುದ್ಧವಾಗಿ ಮೂತಿ ಹೋಗುತ್ತದೆ ಎಂದು ಮಾವ ಹೇಳಿದ್ದರು, ತಲೆಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಇನ್ನೊಂದು ವಿಚಿತ್ರ: ಸ್ಕೂಟರ್ ತಿರುಗುವಾಗ ಮುಂದಿನ ಚಕ್ರ ದಾರಿ ತೋರಿಸುತ್ತದೆ, ಹಿಂದಿನದು ಹಿಂಬಾಲಿಸುತ್ತದೆ. ದೋಣಿಯಲ್ಲಿ ತಳ್ಳುವುದು ಹಿಂಬದಿ. ಮೂತಿ ಎಡಕ್ಕೆ ಹೋಗಬೇಕಾದರೆ ಬಾಲ ಬಲಕ್ಕೆ ಬೀಸುತ್ತದೆ. ಮೂತಿ ದಾಟಿತು ಎಂದು ನೀವು ನಿಟ್ಟುಸಿರು ಬಿಡುವಷ್ಟರಲ್ಲಿ ಬಾಲ ಪಕ್ಕದ ದೋಣಿಗೆ ಬಡಿದಿರುತ್ತದೆ. ನನ್ನದೂ ಬಡಿಯಿತು. ಆ ದೋಣಿಯವರು ಏನೆಂದರು ಎಂಬುದು ಪತ್ರಿಕೆಯಲ್ಲಿ ಬರೆಯುವಂಥದ್ದಲ್ಲ.

ಉಳಿದ ಪಾಠಗಳು ಬೇಗ ಬಂದವು. ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಮೇಲೆ ಗಾಳಿಯಾಡಲು ಒಂದು ಸಣ್ಣ ತಿರುಪಿದೆ. ಅದನ್ನು ಸಡಿಲಿಸಲು ಮರೆತರೆ ಎಂಜಿನ್ ಚೆನ್ನಾಗಿಯೇ ಶುರುವಾಗಿ, ನೀವು ಹೊಳೆಯ ನಟ್ಟ ನಡುವೆ ತಲುಪಿದ ಮೇಲೆ ಉಸಿರುಕಟ್ಟಿ ನಿಲ್ಲುತ್ತದೆ. (ಹೌದು, ನನ್ನ ಅನುಭವವೇ.) ಎಂಜಿನ್ ಓಡುವಾಗ ಅದರ ಹಿಂಬದಿಯಿಂದ ಪೆನ್ಸಿಲ್ ದಪ್ಪದ ನೀರಿನ ಧಾರೆ ಬೀಳುತ್ತಿರಬೇಕು. ಹೊಳೆಯ ನೀರನ್ನೇ ಹೀರಿ ಎಂಜಿನ್ ತನ್ನನ್ನು ತಣ್ಣಗಿಟ್ಟುಕೊಳ್ಳುತ್ತಿದೆ ಎಂಬುದಕ್ಕೆ ಅದು ಗುರುತು. ಧಾರೆ ನಿಂತರೆ ಕೆಸರೋ ಪ್ಲಾಸ್ಟಿಕ್ ಚೀಲವೋ ಬಾಯಿ ಮುಚ್ಚಿದೆ ಎಂದರ್ಥ. ತಕ್ಷಣ ಎಂಜಿನ್ ಬಂದ್ ಮಾಡಬೇಕು. ನಮ್ಮ ಹೊಳೆಯಲ್ಲಿ ಮೀನಿಗಿಂತ ಚಿಪ್ಸ್ ಪ್ಯಾಕೆಟ್ಟೇ ಹೆಚ್ಚು ಸಿಗುವ ದಿನಗಳಿವೆ, ಹಾಗಾಗಿ ಕಣ್ಣು ಆ ಧಾರೆಯ ಮೇಲೆ ಇರಲೇಬೇಕು. ಸಂಜೆ ಸಿಹಿನೀರಿನಲ್ಲಿ ಎಂಜಿನ್ ಓಡಿಸಿ ಒಳಗಿನ ಉಪ್ಪು ತೊಳೆಯಬೇಕು. ಇವೆಲ್ಲ ಎರಡು ವಾರದಲ್ಲಿ ರೂಢಿಯಾದವು.

ರೂಢಿಯಾಗದೇ ಹೋದದ್ದು ಒಂದೇ, ಕೆಂಪು ದಾರ.

ಎಂಜಿನ್ನಿನಲ್ಲಿ ಆಫ್ ಮಾಡುವ ಕೆಂಪು ಗುಂಡಿಯೊಂದಿದೆ. ಅದರ ಬುಡಕ್ಕೆ ಒಂದು ಪ್ಲಾಸ್ಟಿಕ್ ಕ್ಲಿಪ್, ಕ್ಲಿಪ್ಪಿಗೆ ಹಳೆಯ ಟೆಲಿಫೋನಿನ ವೈರಿನಂತೆ ಸುರುಳಿ ಸುತ್ತಿದ ಕೆಂಪು ದಾರ. ಆ ದಾರದ ಇನ್ನೊಂದು ತುದಿ ದೋಣಿ ಬಿಡುವವನ ಮಣಿಕಟ್ಟಿಗೋ ಜಾಕೆಟ್ಟಿಗೋ ಸಿಕ್ಕಿಸಿರಬೇಕು. ಅವನು ನೀರಿಗೆ ಬಿದ್ದರೆ ಕ್ಲಿಪ್ ಕಳಚಿ, ಆ ಕ್ಷಣಕ್ಕೆ ಎಂಜಿನ್ ನಿಲ್ಲುತ್ತದೆ. ಮೊದಲ ದಿನವೇ ಮಾವ ನನ್ನ ಕೈಗೆ ಕಟ್ಟಿದ್ದರು. ಆದರೆ ಟಿಕೆಟ್ ಹಣ ಎಣಿಸಲು, ಜಾಕೆಟ್ ಕೊಡಲು, ಹಗ್ಗ ಬಿಚ್ಚಲು ಓಡಾಡುವಾಗ ಅದು ಎಳೆಯುತ್ತಿತ್ತು. ಎರಡು ಸಲ ನಡುಹೊಳೆಯಲ್ಲಿ ಕ್ಲಿಪ್ ಕಳಚಿ ಎಂಜಿನ್ ನಿಂತು, ಜನ ನಕ್ಕರು. ಮೂರನೇ ವಾರದಿಂದ ನಾನು ದಾರವನ್ನು ಎಂಜಿನ್ನಿಗೇ ಜೋತುಬಿಟ್ಟೆ. ಹೆಲ್ಮೆಟನ್ನು ಸ್ಕೂಟರಿನ ಕನ್ನಡಿಗೆ ನೇತುಹಾಕಿ ಓಡಿಸುತ್ತಾರಲ್ಲ, ಹಾಗೆ.

ಡಿಸೆಂಬರಿನ ಒಂದು ಭಾನುವಾರ. ಹುಬ್ಬಳ್ಳಿ ಕಡೆಯ ಐವರು ಕಾಲೇಜು ಗೆಳೆಯರು ಹತ್ತಿದ್ದರು, ಮೂವರು ಹುಡುಗರು, ಇಬ್ಬರು ಹುಡುಗಿಯರು. ನೀರು ಇಳಿಯುತ್ತಿತ್ತು, ಬಿಸಿಲು ಮಾಗಿತ್ತು. ‘ಅಣ್ಣಾ, ನಮ್ದೊಂದು ವಿಡಿಯೊ ತಗೀರಿ’ ಎಂದು ಒಬ್ಬಳು ಫೋನ್ ಚಾಚಿದಳು. ಹಿಡಿಕೆಯ ಮೇಲೆ ಇನ್ನೊಂದು ಸಣ್ಣ ತಿರುಪಿದೆ. ಅದನ್ನು ಬಿಗಿದರೆ ವೇಗ ಇಟ್ಟಲ್ಲೇ ನಿಲ್ಲುತ್ತದೆ, ಕೈ ಸಡಿಲಿಸಿದರೂ ಇಳಿಯುವುದಿಲ್ಲ. ದೂರದ ಹಾದಿಯಲ್ಲಿ ಮಣಿಕಟ್ಟು ನೋಯದಿರಲಿ ಎಂದು ಇರುವುದು ಅದು. ನಾನು ಅದನ್ನು ಬಿಗಿದೆ. ಎದ್ದು ನಿಂತೆ. ಒಂದು ಕಾಲನ್ನು ಹಿಂಬದಿಯ ಅಂಚಿನ ಮೇಲಿಟ್ಟು, ಎರಡೂ ಕೈಯಲ್ಲಿ ಫೋನ್ ಹಿಡಿದೆ. ಎರಡೂ ಕೈ ಅಂದರೆ, ಹಿಡಿಕೆಯಲ್ಲಿ ಯಾವ ಕೈಯೂ ಇಲ್ಲ.

ಹಿಡಿಕೆ ಬಿಟ್ಟ ಔಟ್‌ಬೋರ್ಡ್ ನೇರ ಹೋಗುವುದಿಲ್ಲ. ತಿರುಗುವ ಫ್ಯಾನಿನ ಬಲ ಎಂಜಿನ್ನನ್ನೇ ಒಂದು ಬದಿಗೆ ಹೊರಳಿಸುತ್ತದೆ. ಪಕ್ಕದಲ್ಲಿ ಹೋದ ದೊಡ್ಡ ದೋಣಿಯ ಅಲೆ ಬಂದು ತಾಗಿದ್ದೇ ಸಾಕಾಯಿತು. ಹಿಡಿಕೆ ಪಟ್ಟನೆ ಒಂದು ಕಡೆ ಹೊರಳಿ, ದೋಣಿ ಗಕ್ಕನೆ ತಿರುಗಿತು. ನಾನು ನೀರಿನಲ್ಲಿದ್ದೆ.

ಜಾಕೆಟ್ ಹಾಕಿದ್ದೆ, ತಲೆ ಮೇಲೆ ಬಂತು. ಕಣ್ಣೊರೆಸಿಕೊಂಡು ನೋಡಿದರೆ ದೋಣಿ ದೂರ ಹೋಗುತ್ತಿಲ್ಲ, ಸುತ್ತು ಹೊಡೆಯುತ್ತಿದೆ. ಹೋದ ವೇಗದಲ್ಲೇ, ನನ್ನ ಕಡೆಗೇ. ಮೊದಲು ಅದರತ್ತ ಈಜಿದೆ, ಹತ್ತಿಬಿಡಬಹುದು ಎಂಬ ಮಂಕು ಲೆಕ್ಕ. ಆಮೇಲೆ ಹಿಂಬದಿಯಲ್ಲಿ ನೀರು ನೊರೆಯಾಗುವುದು ಕಂಡಿತು, ಅಲ್ಲಿ ಫ್ಯಾನಿದೆ ಎಂಬುದು ನೆನಪಾಯಿತು. ಜಾಕೆಟ್ ತೊಟ್ಟವನು ಮುಳುಗಿ ತಪ್ಪಿಸಿಕೊಳ್ಳಲಾರ. ಕಾಲು ಬಡಿದು ಹಿಂದೆ ಸರಿದೆ. ಎರಡು ಮಾರು ದೂರದಲ್ಲಿ ದೋಣಿ ದಾಟಿತು. ಅದರೊಳಗೆ ಐವರೂ ಒಂದೇ ಬದಿಗೆ ಬಿದ್ದಿದ್ದರು.

‘ಗುಂಡಿ! ಕೆಂಪು ಗುಂಡಿ!’ ಎಂದು ಕಿರುಚಿದೆ. ಎಂಜಿನ್ ಸದ್ದಿನಲ್ಲಿ ಅವರಿಗೆ ಕೇಳಿಸಿದ್ದು ‘ಗುಂಡಿ’ ಮಾತ್ರ. ‘ಗುಂಡಿ ಐತಂತ, ಭಾಳ ಆಳ ಐತಂತ!’ ಎಂದು ಒಬ್ಬ ಹುಡುಗ ಉಳಿದವರನ್ನು ತಬ್ಬಿ ಕೂತ. ದೋಣಿ ಎರಡನೇ ಸಲ ಬಂತು. ಈ ಸಲ ಇನ್ನೂ ಹತ್ತಿರ. ‘ದಾರ ಎಳೀರಿ! ಕೆಂಪು ದಾರ!’ ವಿಡಿಯೊ ಕೇಳಿದ ಹುಡುಗಿಯೇ ತೆವಳಿಕೊಂಡು ಹಿಂದೆ ಬಂದು, ಜೋತಾಡುತ್ತಿದ್ದ ದಾರವನ್ನು ಕೈಗೆ ಸಿಕ್ಕಂತೆ ಎಳೆದಳು. ಎಂಜಿನ್ ನಿಂತಿತು. ಅಷ್ಟು ದೊಡ್ಡ ಹೊಳೆ ಒಮ್ಮೆಲೇ ಎಷ್ಟು ನಿಶ್ಶಬ್ದವಾಯಿತೆಂದರೆ ರಸ್ತೆ ಸೇತುವೆಯ ಮೇಲಿನ ಲಾರಿಯ ಹಾರ್ನ್ ಕೇಳಿಸಿತು.

ಈಜಿ ಹತ್ತಿದೆ. ಯಾರಿಗೂ ದೊಡ್ಡ ಪೆಟ್ಟಾಗಿರಲಿಲ್ಲ, ಒಬ್ಬನ ಮೊಣಕೈ ತರಚಿತ್ತು. ಫೋನ್ ಶರಾವತಿಗೆ ಸೇರಿತ್ತು. ಇಳಿತ ನಮ್ಮನ್ನು ಸೇತುವೆಯ ಕಂಬಗಳ ಕಡೆ ಒಯ್ಯುತ್ತಿತ್ತು. ನಡುಗುವ ಕೈಯಲ್ಲಿ ಗೇರನ್ನು ನ್ಯೂಟ್ರಲ್‌ಗೆ ತಂದು, ಕ್ಲಿಪ್ ಸಿಕ್ಕಿಸಿ, ಹಗ್ಗ ಜಗ್ಗಿ ಶುರು ಮಾಡಿದೆ. ದಕ್ಕೆಯಲ್ಲಿ ದುಡ್ಡು ವಾಪಸು ಕೊಡಲು ಹೋದರೆ ಆ ಹುಡುಗಿ ತೆಗೆದುಕೊಳ್ಳಲಿಲ್ಲ. ಬೈಯಲೂ ಇಲ್ಲ. ‘ಈ ದಾರದ ವಿಷಯ ಮೊದ್ಲ ಯಾಕ ಹೇಳ್ಲಿಲ್ರಿ?’ ಎಂದಷ್ಟೇ ಕೇಳಿದಳು. ಅಣ್ಣಾ ಅನ್ನಲಿಲ್ಲ.

ಮಾವನಿಗೆ ಸುದ್ದಿ ನನಗಿಂತ ಮೊದಲೇ ಮುಟ್ಟಿತ್ತು. ಊಟ ಮುಗಿಯುವವರೆಗೆ ಮಾತಿಲ್ಲ. ಕೈತೊಳೆದು ಬಂದು ಕೇಳಿದ್ದು ಒಂದೇ ಪ್ರಶ್ನೆ. ‘ತಿರುಪು ಬಿಗಿದಿದ್ದೆಯಾ?’ ‘ಹೌದು ಮಾವ.’ ‘ಹ್ಞೂಂ.’ ಆ ಹ್ಞೂಂಗಿಂತ ಎರಡು ಏಟು ಬಿದ್ದಿದ್ದರೆ ಒಳ್ಳೆಯದಿತ್ತು. ಕಳೆದುಹೋದ ಫೋನಿನ ದುಡ್ಡನ್ನು ಅವರು ಕೊಟ್ಟರು. ನಾನು ಕಂತಿನಲ್ಲಿ ತೀರಿಸುತ್ತಿದ್ದೇನೆ.

ಆ ರಾತ್ರಿ ನಿದ್ದೆ ಬಾರದೆ ಮೊಬೈಲಿನಲ್ಲಿ ಹುಡುಕಿದೆ. ನನ್ನಂಥವರು ಬೇರೆಲ್ಲೂ ಇದ್ದಾರಾ ಎಂದು. ಇದ್ದರು. 2013ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ, ನಮ್ಮ ಶರಾವತಿಯಂತೆಯೇ ನದಿ ಕಡಲು ಸೇರುವ ಜಾಗದಲ್ಲಿ, ಒಂದು ಕುಟುಂಬದ ಆರೂ ಜನ ವೇಗದ ದೋಣಿಯಿಂದ ನೀರಿಗೆ ಎಸೆಯಲ್ಪಟ್ಟರು. ಖಾಲಿ ದೋಣಿ ಸುತ್ತು ಹೊಡೆದು ಅವರ ಮೇಲೆಯೇ ಹರಿಯಿತು. ತಂದೆ ಮತ್ತು ಎಂಟು ವರ್ಷದ ಮಗಳು ಸತ್ತರು. ದಾರ ದೋಣಿಯಲ್ಲಿತ್ತು, ಚಾಲಕರ ಮೈಗೆ ಸಿಕ್ಕಿಸಿರಲಿಲ್ಲ ಎಂದು ತನಿಖೆ ಹೇಳಿತು. ಅಮೆರಿಕದಲ್ಲಿ 2021ರ ಏಪ್ರಿಲ್‌ನಿಂದ 26 ಅಡಿಗಿಂತ ಚಿಕ್ಕ ಮೋಟಾರ್ ದೋಣಿಗಳಲ್ಲಿ ಈ ದಾರವನ್ನು ಬಳಸುವುದು ಕಾನೂನೇ ಆಗಿದೆ. ನನ್ನ ದೋಣಿಯಲ್ಲೂ ಅದು ಇತ್ತು. ಕೈಗೆ ಹಾಕಿಕೊಳ್ಳಲು ಎರಡು ಸೆಕೆಂಡ್ ಸಾಕಿತ್ತು.

ಮುಂದಿನ ಶನಿವಾರ ಮಾವ ಪ್ರವಾಸಿಗರನ್ನು ಹತ್ತಿಸಲೇ ಇಲ್ಲ. ಸೀಸನ್ನಿನ ಎರಡು ದಿನದ ದುಡಿಮೆ ಬಿಟ್ಟರು. ಒಂದು ಖಾಲಿ ಆಯಿಲ್ ಕ್ಯಾನಿಗೆ ಕಲ್ಲು ಕಟ್ಟಿ ಹೊಳೆಯಲ್ಲಿ ತೇಲಿಬಿಟ್ಟು, ‘ಅದು ಮನುಷ್ಯ ಅಂದುಕೋ. ಬಡಿಯದೆ, ದಾಟಿಹೋಗದೆ, ಕೈಗೆ ಸಿಗುವ ಹಾಗೆ ಪಕ್ಕದಲ್ಲಿ ನಿಲ್ಲಿಸು’ ಅಂದರು. ಭುಜ ನೋಯುತ್ತಿದ್ದರೂ ಎದುರಿಗೇ ಕೂತರು. ಎಷ್ಟು ಸಲ ಮಾಡಿಸಿದರೋ ಲೆಕ್ಕವಿಲ್ಲ. ಮೊದಲ ಹತ್ತು ಸಲ ನಾನು ಆ ಮನುಷ್ಯನನ್ನು ಕೊಂದೆ.

ಆ ಎರಡು ದಿನ ಕಲಿತದ್ದನ್ನು ಒಂದು ಪದದಲ್ಲಿ ಹೇಳಬಹುದಾದರೆ ಅದು ನ್ಯೂಟ್ರಲ್. ನಾನು ಅಲ್ಲಿಯವರೆಗೆ ಅದನ್ನು ಮುಂದಕ್ಕೂ ಹಿಂದಕ್ಕೂ ನಡುವಿನ ಖಾಲಿ ಜಾಗ ಎಂದುಕೊಂಡಿದ್ದೆ. ಮಾವನಿಗೆ ಅದೇ ಮುಖ್ಯ ಗೇರು. ಗುರಿಗೆ ಐದಾರು ದೋಣಿಯುದ್ದ ಇರುವಾಗಲೇ ನ್ಯೂಟ್ರಲ್. ದೋಣಿ ತನ್ನ ಓಟದಲ್ಲೇ ಜಾರುತ್ತದೆ. ಆಗ ನೋಡಬೇಕು: ನೀರು ಎತ್ತ ಒಯ್ಯುತ್ತಿದೆ, ಗಾಳಿ ಮೂತಿಯನ್ನು ಎತ್ತ ತಳ್ಳುತ್ತಿದೆ. ಸಾಲದೇ ಹೋದರೆ ಮೊದಲು ಹಿಡಿಕೆ ತಿರುಗಿಸಿ, ಆಮೇಲೆ ಒಂದು ಕ್ಷಣ ಗೇರು, ಮತ್ತೆ ನ್ಯೂಟ್ರಲ್. ‘ತಳ್ಳು, ಬಿಡು. ತಳ್ಳು, ಬಿಡು’ ಎಂದು ಮಾವ ಉಯ್ಯಾಲೆ ತೂಗುವವರಂತೆ ಹೇಳುತ್ತಿದ್ದರು. ನಾನು ಮಾಡುತ್ತಿದ್ದದ್ದು ತಿರುಗಾಮುರುಗಾ. ಗೇರು ಹಾಕಿ ಆಮೇಲೆ ತಿರುಗಿಸುತ್ತಿದ್ದೆ, ಅಷ್ಟರಲ್ಲಿ ದೋಣಿ ಬೇಡದ ಕಡೆ ಎರಡು ಮಾರು ಹೋಗಿರುತ್ತಿತ್ತು.

ದಕ್ಕೆಗಾಗಲಿ ಕ್ಯಾನಿಗಾಗಲಿ ಯಾವಾಗಲೂ ನೀರಿನ ಹರಿವಿಗೆ ಎದುರಾಗಿ ಬರಬೇಕು. ಹರಿವೇ ನಿಮ್ಮ ಬ್ರೇಕ್. ಎದುರು ನೀರಿನಲ್ಲಿ ಎಂಜಿನ್ ಸಣ್ಣಗೆ ಓಡುತ್ತಿದ್ದರೆ ದೋಣಿ ನಿಂತಲ್ಲೇ ನಿಂತಂತಿರುತ್ತದೆ, ಆದರೂ ಹಿಡಿಕೆಯ ಮಾತು ಕೇಳುತ್ತದೆ. ಹರಿವಿನ ಜೊತೆ ಬಂದರೆ ವೇಗವೂ ಹೆಚ್ಚು, ಹಿಡಿತವೂ ಕಡಿಮೆ. ಮೊದಲ ದಿನ ನಾನು ಬಡಿದದ್ದು ಇದಕ್ಕೇ. ಹೊಳೆಯ ದಿಕ್ಕು ಭರತ ಇಳಿತದೊಂದಿಗೆ ದಿನಕ್ಕೆ ನಾಲ್ಕು ಸಲ ಬದಲಾಗುತ್ತದೆ, ಸಮಯವೂ ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದಕ್ಕೆ ಹೋಗುತ್ತದೆ. ಮೇಲೆ ಗೇರುಸೊಪ್ಪೆಯಲ್ಲಿ ನೀರು ಬಿಟ್ಟರೆ ಇಳಿತಕ್ಕೆ ಇನ್ನಷ್ಟು ಬಲ. ಹಾಗಾಗಿ ನಿನ್ನೆ ಬಂದ ದಾರಿಯಲ್ಲೇ ಇವತ್ತೂ ಬರುತ್ತೇನೆ ಎಂದರೆ ಆಗುವುದಿಲ್ಲ. ದಕ್ಕೆಯ ಕಂಬದ ಸುತ್ತ ನೀರು ಎತ್ತ ಸುಳಿಯುತ್ತಿದೆ ಎಂದು ಒಮ್ಮೆ ನೋಡಿದರೆ ಸಾಕು, ಉತ್ತರ ಅಲ್ಲಿದೆ.

ಹಿಂದಿನ ಗೇರು ಬ್ರೇಕ್ ಅಲ್ಲ ಎಂಬುದನ್ನೂ ಅಲ್ಲೇ ಕಲಿತೆ. ವೇಗದಲ್ಲಿರುವಾಗ ಒಮ್ಮೆಲೇ ಹಿಂದಕ್ಕೆ ಹಾಕಿದರೆ ಗೇರಿನ ಹಲ್ಲು ಮುರಿಯಬಹುದು, ನಿಂತವರು ಮುಗ್ಗರಿಸುತ್ತಾರೆ, ಹಿಂದಿನ ಅಲೆ ದೋಣಿಯೊಳಗೆ ಬರುತ್ತದೆ. ವೇಗ ಪೂರ್ತಿ ಇಳಿಸಿ, ನ್ಯೂಟ್ರಲ್‌ನಲ್ಲಿ ಒಂದೆರಡು ಎಣಿಸಿ, ಆಮೇಲೆ ಹಿಂದಕ್ಕೆ. ಆಗಲೂ ದೋಣಿಯ ಬಾಲ ಸ್ವಲ್ಪ ಎಡಕ್ಕೆ ಎಳೆಯುತ್ತದೆ, ಫ್ಯಾನ್ ತಿರುಗುವ ದಿಕ್ಕಿನಿಂದಾಗಿ. ಇದನ್ನು ತಿಳಿದವರು ತಮ್ಮ ಎಡಬದಿ ದಕ್ಕೆಗೆ ತಾಗುವಂತೆ ಬಂದು, ಕೊನೆಗೆ ಹಿಂದಿನ ಗೇರನ್ನು ಒಮ್ಮೆ ಮುಟ್ಟಿಸಿದರೆ ದೋಣಿ ತಾನೇ ಹೋಗಿ ದಕ್ಕೆಗೆ ಒರಗುತ್ತದೆ. ಮಾವ ಮಾಡಿದಾಗ ನೋಡಬೇಕು, ಎಮ್ಮೆ ಕೊಟ್ಟಿಗೆಗೆ ಬಂದು ನಿಂತ ಹಾಗೆ.

ಯಾರಾದರೂ ನೀರಿಗೆ ಬಿದ್ದರೆ? ಆ ಕ್ಷಣವೇ ನ್ಯೂಟ್ರಲ್, ಬಿದ್ದವರ ಕಡೆಗೇ ಮೂತಿ ತಿರುಗಿಸು. ಆಗ ಬಾಲ, ಅದರ ಜೊತೆ ಫ್ಯಾನ್, ಅವರಿಂದ ದೂರ ಬೀಸುತ್ತದೆ. ಸುತ್ತಿ ಬಂದು ಹತ್ತಿರವಾದ ಮೇಲೆ ಎಂಜಿನ್ನನ್ನೇ ಆಫ್ ಮಾಡಿ ಎತ್ತಿಕೋ. ನ್ಯೂಟ್ರಲ್ ಸಾಲದು, ಗಾಬರಿಯಲ್ಲಿ ಯಾರ ಮೊಣಕೈಯಾದರೂ ಲಿವರಿಗೆ ತಾಗಬಹುದು. ಫ್ಯಾನಿಗೆ ಬಲೆಯ ತುಂಡು ಸುತ್ತಿದಾಗಲೂ ಅಷ್ಟೇ. ಕ್ಲಿಪ್ ಕಳಚಿ ಜೇಬಿನಲ್ಲಿಟ್ಟುಕೊಂಡೇ ಕೈ ಹಾಕುವುದು.

ನಾನು ಕಾಮರ್ಸ್ ಹುಡುಗ, ಲೆಕ್ಕವಿಲ್ಲದೆ ಇರಲಾರೆ. ಒಂದು ನೋಟ್‌ಬುಕ್ ಇಟ್ಟು ಪ್ರತಿ ಸುತ್ತಿನ ಪೆಟ್ರೋಲ್ ಬರೆಯತೊಡಗಿದೆ. ಆರೇಳು ಜನ ಕೂತ ನಮ್ಮಂಥ ದೋಣಿ ನೀರನ್ನು ಸೀಳಿಕೊಂಡು ಹೋಗುವಂಥದ್ದು, ನೀರಿನ ಮೇಲೆದ್ದು ಹಾರುವಂಥದ್ದಲ್ಲ. ಅದರ ಉದ್ದಕ್ಕೆ ತಕ್ಕ ಒಂದು ಸಹಜ ವೇಗವಿದೆ, ಗಂಟೆಗೆ ಹತ್ತು ಹನ್ನೊಂದು ಕಿಲೋಮೀಟರ್. ಅದಾದ ಮೇಲೆ ಹಿಡಿಕೆಯನ್ನು ಎಷ್ಟು ತಿರುಚಿದರೂ ಮೂತಿ ಮೇಲೇಳುತ್ತದೆ, ಬಾಲ ಕುಸಿಯುತ್ತದೆ, ಹಿಂದೆ ದೊಡ್ಡ ಅಲೆ ಏಳುತ್ತದೆ. ವೇಗ ಮಾತ್ರ ಹೆಚ್ಚುವುದಿಲ್ಲ. ದೋಣಿ ತಾನೇ ಎಬ್ಬಿಸಿದ ಅಲೆಯನ್ನು ಹತ್ತಲು ಒದ್ದಾಡುತ್ತಿರುತ್ತದೆ, ಸುಡುವುದು ನಮ್ಮ ಪೆಟ್ರೋಲ್. ಮೂತಿ ಏಳುವ ಹೊತ್ತಿಗೆ ಸ್ವಲ್ಪ ಇಳಿಸಿ, ಭಾರದವರನ್ನು ಹಿಂದಿನಿಂದ ನಡುವಿಗೆ ಕೂರಿಸಿದೆ. ಒಂದು ಸುತ್ತಿಗೆ ಎರಡೂವರೆ ಲೀಟರ್ ಆಗುತ್ತಿದ್ದದ್ದು ಒಂದೂವರೆಗೆ ಇಳಿಯಿತು. ಸಮಯ ಆರೇಳು ನಿಮಿಷ ಹೆಚ್ಚಾಯಿತು, ಅದಕ್ಕೆ ಯಾವ ಪ್ರವಾಸಿಯೂ ಗೊಣಗಲಿಲ್ಲ. ದಿನಕ್ಕೆ ಐದು ಸುತ್ತು, ಐದು ಲೀಟರ್, ಸುಮಾರು ಐನೂರು ರೂಪಾಯಿ. ಅಂದರೆ ನನ್ನ ಸಂಬಳ. ನೋಟ್‌ಬುಕ್ ತೋರಿಸಿದಾಗ ಮಾವ ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿದರು. ‘ಹಾಗಾದ್ರೆ ನಿನಗೆ ನಾನು ಕೊಡೋದೆಂತಕ್ಕೆ?’ ಅಂದರು.

ಅಲೆ ಕಡಿಮೆಯಾದದ್ದರಿಂದ ಇನ್ನೊಂದು ಲಾಭ ಅವರಿಗೇ ಕಂಡಿತು. ಇಳಿತದ ಹೊತ್ತಿಗೆ ಎದೆಮಟ್ಟ ನೀರಿನಲ್ಲಿ ನಿಂತು ಬಳಚು ಆಯುವವರು, ಒಂಟಿ ಪಾತಿಯಲ್ಲಿ ಬಲೆ ಬಿಡುವ ಅಜ್ಜಂದಿರು ಮೊದಲೆಲ್ಲ ನನ್ನ ದೋಣಿ ಕಂಡರೆ ಬೈಯುತ್ತಿದ್ದರು. ಈಗ ಕೈಯೆತ್ತುತ್ತಾರೆ.

ರಸ್ತೆಯ ಅಭ್ಯಾಸ ಕೈಕೊಡುವ ಇನ್ನೊಂದು ಜಾಗ ಹೇಳಿಬಿಡುತ್ತೇನೆ. ನಾವು ರಸ್ತೆಯಲ್ಲಿ ಎಡಕ್ಕೆ ಹೋಗುವವರು. ನೀರಿನಲ್ಲಿ ಜಗತ್ತಿನಾದ್ಯಂತ ನಿಯಮ ಬಲಕ್ಕೆ. ಎದುರುಬದುರು ಬಂದರೆ ಇಬ್ಬರೂ ತಮ್ಮ ತಮ್ಮ ಬಲಕ್ಕೆ ಸರಿಯಬೇಕು, ಕಿರಿದಾದ ಕಾಲುವೆಯಲ್ಲಿ ಬಲದಂಡೆ ಹಿಡಿಯಬೇಕು, ಅಡ್ಡಬಂದ ದೋಣಿ ನಿಮ್ಮ ಬಲಗಡೆಯಿಂದ ಬರುತ್ತಿದ್ದರೆ ನೀವೇ ದಾರಿ ಬಿಡಬೇಕು. ಕಾಂಡ್ಲಾ ನಡುವಿನ ತಿರುವುಗಳಲ್ಲಿ ಎದುರಿಗೆ ಬರುವವನೂ ಸ್ಕೂಟರ್ ಬಿಟ್ಟವನೇ ಆಗಿದ್ದರೆ ನಿಯಮಕ್ಕಿಂತ ನ್ಯೂಟ್ರಲ್ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಜಾಕೆಟ್ ಇದ್ದಷ್ಟೇ ಜನ ಎಂಬುದು ಮಾವನ ಹಳೇ ನಿಯಮ. ‘ಇನ್ನೊಬ್ಬರು ಹತ್ತಲಿ, ಚಿಕ್ಕ ಹುಡುಗ’ ಎಂದು ಗೋಗರೆಯುವವರಿಗೆ ಅವರು ಕಾರವಾರದ ಹೆಸರು ಹೇಳುತ್ತಾರೆ. 2019ರ ಜನವರಿಯಲ್ಲಿ ಕೂರ್ಮಗಡದ ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಮಗುಚಿ 16 ಜನ ಹೋದದ್ದು ನಮ್ಮ ಕಡೆ ಯಾರೂ ಮರೆತಿಲ್ಲ. ಗೋಗರೆತ ಅಲ್ಲಿಗೆ ನಿಲ್ಲುತ್ತದೆ.

ಬ್ಯಾಂಕಿನ ಫಲಿತಾಂಶ ಬಂತು, ನಾಲ್ಕು ಅಂಕದಲ್ಲಿ ಹೋಯಿತು. ಮುಂದಿನದಕ್ಕೆ ಓದುತ್ತಿದ್ದೇನೆ. ಜೊತೆಗೆ ಗೋವಾದಲ್ಲಿರುವ ಕೇಂದ್ರ ಸರ್ಕಾರದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆಯಲ್ಲಿ ಪವರ್‌ಬೋಟ್ ಚಾಲನೆ, ಜೀವರಕ್ಷಣೆಯ ಕಿರು ಕೋರ್ಸುಗಳಿವೆ ಎಂದು ತಿಳಿದು, ಮಳೆಗಾಲದೊಳಗೆ ಒಂದನ್ನು ಮುಗಿಸಬೇಕೆಂದು ದುಡ್ಡು ಕೂಡಿಡುತ್ತಿದ್ದೇನೆ. ಫೋನಿನ ಕಂತು ಮುಗಿದ ಮೇಲೆ. ಮಾವನ ಭುಜ ಸುಧಾರಿಸಿದೆ, ಆದರೂ ಹಿಡಿಕೆ ವಾಪಸು ಕೇಳಿಲ್ಲ.

ಈಗ ಹಗ್ಗ ಬಿಚ್ಚುವ ಮೊದಲು ನಾನು ಕೈಗೆ ದಾರ ಹಾಕಿಕೊಂಡು, ಹತ್ತಿದವರಲ್ಲಿ ಒಬ್ಬರನ್ನು ಹಿಂದೆ ಕರೆಯುತ್ತೇನೆ. ‘ನಾನು ನೀರಿಗೆ ಬಿದ್ದರೂ ದೋಣಿ ಓಡುತ್ತಲೇ ಇದ್ದರೆ ಈ ಕೆಂಪು ಸ್ವಿಚ್ ಒತ್ತಿ, ಅಥವಾ ದಾರ ಎಳೆಯಿರಿ’ ಎನ್ನುತ್ತೇನೆ. ಗುಂಡಿ ಎಂಬ ಪದ ಬಿಟ್ಟುಬಿಟ್ಟಿದ್ದೇನೆ. ದಕ್ಕೆಯಲ್ಲೇ ಒಮ್ಮೆ ಅವರ ಕೈಯಿಂದ ಎಳೆಸುತ್ತೇನೆ, ಎಂಜಿನ್ ನಿಂತದ್ದನ್ನು ಅವರು ಕೇಳಬೇಕು. ಕಳೆದ ಭಾನುವಾರ ದಾವಣಗೆರೆಯ ಕುಟುಂಬವೊಂದು ಬಂದಿತ್ತು. ಅವರ ನಾಲ್ಕನೇ ತರಗತಿಯ ಹುಡುಗ ‘ನಾನೇ, ನಾನೇ’ ಎಂದು ಮುಂದೆ ಬಂದು ಪಾಠ ಕೇಳಿದ. ಕಾಂಡ್ಲಾ ದಾಟಿ ಅಗಲ ಹೊಳೆಗೆ ಬಂದದ್ದೇ ತಡ, ನನ್ನ ಬೆನ್ನ ಹಿಂದೆ ಬಂದು ದಾರ ಎಳೆದೇಬಿಟ್ಟ. ಎಂಜಿನ್ ನಿಂತಿತು. ಅವನಮ್ಮ ಹೊಡೆಯಲು ಕೈಯೆತ್ತಿದರು. ‘ಬಿಡಿ ಅಕ್ಕಾ’ ಅಂದೆ. ಕ್ಲಿಪ್ ಸಿಕ್ಕಿಸುವ ಮುಂಚೆ ನೀರು ನೋಡಿದೆ. ಭರತ ಏರುತ್ತಿತ್ತು, ದೋಣಿ ಮೆಲ್ಲಗೆ ರೈಲು ಸೇತುವೆಯ ಕಡೆ ಸಾಗುತ್ತಿತ್ತು. ಗೇರು ನ್ಯೂಟ್ರಲ್‌ಗೆ ತಂದು, ಹಗ್ಗ ಜಗ್ಗಿದೆ.